ಸೋಮವಾರದ ಗುಳಿಗೆ

ಸೊಸೆ ಸುಮಿತ್ರಾ,

ಹೇಗಿದ್ದೀ ಎಂದು ಯಾವ ಬಾಯಿಂದ ಕೇಳಲಿ? ನೀನು ಈ ಮನೆಯಲ್ಲಿದ್ದ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕೇಳಿದವಳಲ್ಲ ನಾನು. ಡೆಂಗಿ ಜ್ವರದಲ್ಲಿ ನೀನು ಹೋಗಿ ಮೂರು ವರ್ಷವಾಯಿತು. ಮ್ಯಾಟ್ರಿಕ್ ಪಾಸಾದವಳೆಂದು ಓಣಿಯ ಅರ್ಧ ಜನಕ್ಕೆ ಅರ್ಜಿ ಬರೆದುಕೊಟ್ಟಿದ್ದೇನೆ. ಈ ಕಾಗದವನ್ನು ಮಾತ್ರ ಎರಡು ಸಲ ಹರಿದು ಹಾಕಿದೆ. ಗಾಬರಿಯಾಗಬೇಡ, ನಿನ್ನ ಮಗಳು ಅಶ್ವಿನಿ ಈಗ ಚೆನ್ನಾಗಿದ್ದಾಳೆ. ನಡುವೆ ಚೆನ್ನಾಗಿರಲಿಲ್ಲ. ಅದಕ್ಕೆ ಕಾರಣ ನಾನು.

ಅವಳಿಗೆ ಹದಿನಾರು ತುಂಬಿದಾಗ ಬೆರಳುಗಳು ಬಾತು, ಜಡೆ ಹಾಕಿಕೊಳ್ಳಲೂ ಆಗದೆ ಅತ್ತಿದ್ದಳಲ್ಲ? ನೀನು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದು, ಕೀಲಿನ ಕಾಯಿಲೆಯ ಚೀಟಿಯನ್ನು ನನ್ನ ಮುಂದಿಟ್ಟೆ. ವಾರಕ್ಕೊಮ್ಮೆ, ಸೋಮವಾರ, ಗುಳಿಗೆ; ಎಷ್ಟು ವರ್ಷವೆಂದು ಹೇಳಲಾಗದು. ನುಂಗಿದ ದಿನ ಹೊಟ್ಟೆ ತೊಳಸಿ ಅವಳು ಊಟ ಮಾಡುತ್ತಿರಲಿಲ್ಲ.

"ಬಂದವರು ಕೇಳಿದ್ರ ಏನ ಹೇಳ್ಲಿರಿ ಅತ್ತಿ?" ಎಂದೆ ನೀನು.

"ಸೋಮವಾರ ಉಪವಾಸ ಹಿಡದಾಳ ಅಂತ ಹೇಳು. ಹೆಣ್ಣಹುಡುಗಿ. ಬ್ಯಾನಿ ಅದ ಅಂದ್ರ ನಾಳಿ ಯಾರ ಮಾಡ್ಕೋತಾರ?"

"ದೇವರ ಹೆಸರ ಮ್ಯಾಲ ಸುಳ್ಳ ಬ್ಯಾಡ್ರಿ…"

ನಾನು ನಿನ್ನನ್ನು ನೋಡಿದೆ. ಅಷ್ಟೇ ಸಾಕಾಗುತ್ತಿತ್ತು, ನಿನಗೂ, ನಿನ್ನ ಗಂಡನಿಗೂ. ಆಮೇಲೆ ಓಣಿಯ ಹೆಂಗಸರೆಲ್ಲ ಹುಡುಗಿಯ ಭಕ್ತಿಯನ್ನು ಹೊಗಳಿದ್ದೇ ಹೊಗಳಿದ್ದು. ನಾನೂ ತಲೆಯಾಡಿಸಿದೆ.

ಬಾಗಿಲು ಮುಚ್ಚಿಕೊಂಡು ನೀನು ಅವಳ ಕುಪ್ಪಸದೊಳಗೆ ಹತ್ತಿಯ ಮೆತ್ತೆ ಇಟ್ಟು ಹೊಲಿಯುತ್ತಿದ್ದುದು ನನಗೆ ಗೊತ್ತಿತ್ತು. ಒಂದು ಎದೆ ಬೆಳೆದು ಇನ್ನೊಂದು ಹನ್ನೆರಡರ ಹುಡುಗಿಯದರಂತೆಯೇ ಉಳಿದದ್ದೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದೆ. ನೀನು ಹೋದ ಮೇಲೆ ಅವಳೇ ಹೊಲಿದುಕೊಳ್ಳುತ್ತಿದ್ದಳು. ಹೋದ ವರ್ಷ ಒಂದು ದಿನ ನನ್ನ ಮುಂದೆ ಬಂದು ನಿಂತು, "ಆಯಿ, ಆಪರೇಷನ್ ಮಾಡಿಸ್ಕೋತೇನಿ. ಒಳಗ ಇಂಪ್ಲಾಂಟ್ ಇಡ್ತಾರಂತ, ಎರಡೂ ಒಂದೇ ಸಮ ಕಾಣ್ತಾವಂತ" ಎಂದಳು. ಬೈಯಬೇಕಾಗಿತ್ತು ನಾನು. ಆದರೆ ಅದೇ ವಾರ ಔರಾದಿನಿಂದ ಒಂದು ಸಂಬಂಧ ಬಂದಿತ್ತು. ಹೂಂ ಎಂದುಬಿಟ್ಟೆ. ಓಢಣಿಯನ್ನು ಎದೆಗೆ ಹಿಡಿದುಕೊಳ್ಳದೆ ನಾಲ್ಕು ಜನರ ನಡುವೆ ನಡೆಯಬೇಕೆಂಬುದು ಅವಳ ಆಸೆ. ಔರಾದಿನವರಿಗೆ ತಿಳಿಯಬಾರದೆಂಬುದು ನನ್ನ ಲೆಕ್ಕ.

ಆಪರೇಷನ್ನಿಗೆಂದು ಹೋದ ಹೈದರಾಬಾದಿನ ಡಾಕ್ಟರಮ್ಮನ ಕೋಣೆ ಈಗಲೂ ಕಣ್ಣ ಮುಂದಿದೆ. ಕಲಬುರಗಿ ಕಡೆಯವಳು, ನಮ್ಮ ಮಾತೇ ಆಡುತ್ತಿದ್ದಳು. ಇದು ಜೀವನಪೂರ್ತಿ ಇರುವ ವಸ್ತುವಲ್ಲ, ಮುಂದೆ ತೆಗೆದು ಬೇರೆ ಇಡಬೇಕಾಗಬಹುದು ಎಂದೆಲ್ಲ ಬಿಡಿಸಿ ಹೇಳಿದಳು. ಆಮೇಲೆ ಅಶ್ವಿನಿಯ ಕಡೆ ತಿರುಗಿ, "ಬ್ಯಾರೆ ಏನರ ಬ್ಯಾನಿ ಅದ ಏನವ್ವಾ? ಗುಳಿಗಿ ಏನರ ತೊಗೋತಿ?" ಎಂದಳು. ಅಶ್ವಿನಿ ಬಾಯಿ ತೆರೆದಿದ್ದಳು.

"ಏನೂ ಇಲ್ರಿ," ಎಂದೆ ನಾನು. "ಕಲ್ಲ ಇದ್ದಾಂಗ ಅದಾಳ."

"ನೀ ಹೇಳವ್ವಾ."

"ಆಯಿ ಹೇಳಿದಾಂಗರಿ."

ಅಲ್ಲಿ ಔರಾದಿನವರು ಯಾರಿದ್ದರು? ಆ ಡಾಕ್ಟರಿಂದ ಮುಚ್ಚಿಟ್ಟು ನನಗೆ ಏನು ಸಿಗಬೇಕಿತ್ತು? ಏಳು ವರ್ಷ ಸುಳ್ಳು ಹೇಳಿದ ನಾಲಿಗೆ, ಎಲ್ಲಿ ನಿಲ್ಲಬೇಕೆಂದು ಅದಕ್ಕೇ ತಿಳಿಯಲಿಲ್ಲ. ಮೆಟ್ಟಿಲಿಳಿಯುವಾಗ ಅವಳು "ಹೇಳಬೇಕಾಗಿತ್ತು ಆಯಿ" ಎಂದಳು. "ಹೇಳಿದ್ರ ಬರ್ಕೋತಾರ, ಬರ್ಕೊಂಡಿದ್ದು ಊರಿಗಿ ಬರ್ತದ" ಎಂದು ಬಾಯಿ ಮುಚ್ಚಿಸಿದೆ.

ಆಪರೇಷನ್ ಆದ ಮೂರನೇ ದಿನ ಸೋಮವಾರ. ನಮ್ಮ ಕಡೆಯವಳೇ ಆದ ನರ್ಸ್ ಇಡ್ಲಿ ತಂದಳು. ಉಪವಾಸ ಎಂದೆ. "ಹೊಲಿಗಿ ಹಾಕ್ಯಾರ, ಇವತ್ತೂ ಉಪವಾಸೇನ್ರಿ?" ಎಂದು ಅವಳು ನಕ್ಕಳು. "ನಮ್ಮ ಹುಡುಗಿ ಏಳು ವರ್ಷದಾಗ ಒಂದ ಸೋಮವಾರ ಬಿಟ್ಟಿಲ್ಲ" ಎಂದು ನಾನು ಹೆಮ್ಮೆಯಿಂದ ಹೇಳಿದೆ, ಸುಮಿತ್ರಾ. ಹೆಮ್ಮೆಯಿಂದ! ನನ್ನ ಸೆರಗಿನ ಮರೆಯಲ್ಲಿ ಅವಳು ಗುಳಿಗೆ ನುಂಗಿದಳು.

ಬೀದರಿನ ನಮ್ಮ ಮನೆಗೆ ಮರಳಿದ ಎರಡನೇ ವಾರ ಜ್ವರ ಬಂತು. ಗಾಯ ಕೆಂಪಾಗಿ ಕೀವು ತುಂಬಿತು. ಮತ್ತೆ ಹೈದರಾಬಾದಿಗೆ ಓಡಿದೆವು. ಪಟ್ಟಿ ಬಿಚ್ಚುವಾಗ ಅಶ್ವಿನಿ, ನನ್ನ ಮುಖ ನೋಡದೆ, "ನನಗ ಕೀಲಿನ ಬ್ಯಾನಿ ಅದರಿ ಡಾಕ್ಟರ್, ಏಳು ವರ್ಷದಿಂದ ಗುಳಿಗಿ ನುಂಗತೇನಿ" ಎಂದಳು. ಅದೇ ದಿನ ಇಂಪ್ಲಾಂಟ್ ತೆಗೆಯಬೇಕಾಯಿತು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ನಿಲ್ಲಿಸಿ ಮಾತಾಡಿದಳು. "ಈ ಗುಳಿಗಿ ನುಂಗೋರಿಗಿ ಇಂಪ್ಲಾಂಟ್ ಆಗೂದೇ ಇಲ್ಲ ಅಂತಲ್ರಿ. ಕೀವು ಆಗೋ ಅಂಜಿಕಿ ಜಾಸ್ತಿ, ಗಾಯ ಮಾಯೋದು ತಡ. ಗೊತ್ತಿದ್ರ ಆಕಿ ಕೀಲಿನ ಡಾಕ್ಟರ್ ಜೋಡಿ ಮಾತಾಡ್ತಿದ್ದೆ. ಕಾಯ್ರಿ ಅಂತಿದ್ದೆ, ಇಲ್ಲಾ ಬ್ಯಾಡ ಅಂತಿದ್ದೆ. ಎಲ್ಲಾ ಕೇಳಿ ಆಕಿ ತಾನೇ ಆರಿಸ್ಕೋತಿದ್ಲು. ಅದನ್ನ ನೀವು ಕಸ್ಕೊಂಡ್ರಿ." ಗುಳಿಗೆ ಇಲ್ಲದವರಿಗೂ ಒಮ್ಮೊಮ್ಮೆ ಕೀವಾಗುತ್ತದಂತೆ. ಆ ಮಾತಿನ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ.

ಹೋದ ತಿಂಗಳು ಔರಾದಿನ ಹುಡುಗನ ತಾಯಿ ಮನೆಗೆ ಬಂದಳು. "ಸೋಮವಾರ ತಪ್ಪಸಲಾರದ ಸೊಸಿ ಸಿಗೂದು ನಮ್ಮ ಪುಣ್ಯರಿ" ಎಂದಳು. ಇನ್ನು ತಡೆಯಲಾಗಲಿಲ್ಲ. "ಉಪವಾಸ ಸುಳ್ಳರಿ. ಹುಡುಗಿಗಿ ಕೀಲಿನ ಬ್ಯಾನಿ ಅದ, ಮುಚ್ಚಿಟ್ಟಾಕಿ ನಾನೇ" ಎಂದೆ. ಎದೆಯ ಮಾತು ಎತ್ತಲಿಲ್ಲ. ಅವಳು ಚಹಾ ಬಿಟ್ಟು ಎದ್ದಳು. "ದೇವರಿಗೇ ಟೋಪಿ ಹಾಕೀರಿ, ನಮ್ಮದೇನ ಬಿಡ್ರಿ!" ಎಂದು ಹೋದವಳಿಂದ ಇವತ್ತಿನವರೆಗೂ ಸುದ್ದಿಯಿಲ್ಲ. ಅಶ್ವಿನಿ ಒಳಗಿನಿಂದ ಬಂದು ಕಪ್ಪುಗಳನ್ನು ಎತ್ತಿಕೊಂಡಳು. ಒಂದು ಒಳ್ಳೆಯ ಮಾತು ಆಡುತ್ತಾಳೆಂದು ನಾನು ಕಾದೆ.

"ಇದನೂ ನನ್ನ ಕೇಳಲಾರದೇ ನೀನೇ ಹೇಳಿದಿ, ಆಯಿ."

ಸುಳ್ಳೂ ನನ್ನದೇ, ಸತ್ಯವೂ ನನ್ನದೇ ಆಗಿತ್ತು. ಆ ಹುಡುಗಿಗೆ ನಾನು ಬಿಟ್ಟದ್ದಾದರೂ ಏನು?

ಇವತ್ತು ಮುಂಜಾನೆ ಅವಳು ಹೈದರಾಬಾದಿಗೆ ಹೋದಳು. ಗಾಯ ಪೂರ್ತಿ ಮಾಯ್ದಿದೆ. ಕೀಲಿನ ಡಾಕ್ಟರು ಬರೆದುಕೊಟ್ಟ ಕಾಗದ ಕೈಯಲ್ಲಿತ್ತು. ಮತ್ತೆ ಇಂಪ್ಲಾಂಟ್ ಇಡಿಸುತ್ತಾಳೋ, ಇನ್ನೂ ಕಾಯುತ್ತಾಳೋ, ಇದ್ದಂತೆಯೇ ಸಾಕೆನ್ನುತ್ತಾಳೋ, ಇವತ್ತು ಡಾಕ್ಟರಮ್ಮನ ಹತ್ತಿರ ಮಾತಾಡಿ ನಿಶ್ಚಯ ಮಾಡುತ್ತಾಳೆ. ನಾನೂ ಸೀರೆ ಉಟ್ಟು ಚಪ್ಪಲಿ ಮೆಟ್ಟಿದ್ದೆ. "ನೀ ಬರಬ್ಯಾಡ" ಎಂದಳು. ಸುಮಿತ್ರಾ, ಈ ಮನೆಯಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಚಪ್ಪಲಿ ಬಿಚ್ಚಿ ಒಳಗೆ ಬಂದೆ.

ಸಂಜೆ ಬಸ್ಸಿಗೆ ಬರುತ್ತಾಳೆ. ಬಂದಾಗ ಬಿಸಿ ರೊಟ್ಟಿ ಬಡಿಸುತ್ತೇನೆ. ಏನಾಯಿತು ಎಂದು ಕೇಳುವುದಿಲ್ಲ. ಅವಳು ಹೇಳಿದರೆ ಕೇಳುತ್ತೇನೆ, ಹೇಳದಿದ್ದರೆ ಸುಮ್ಮನೆ ಕೂಡುತ್ತೇನೆ. ನಿನಗೆ ನಾನು ಕೊಡುವ ಮಾತು ಇದೊಂದೇ.

ನಿನ್ನ ಅತ್ತೆ