ನೀವಿಲ್ಲದೆ ಆ ಬೆಟ್ಟದೂರಿಗೆ

ರೀ,

ನಿಮ್ಮ ಅಮ್ಮಿಯನ್ನು ಆಸ್ಪತ್ರೆಗೆ ತೋರಿಸಲು ನೀವು ಹೋದಾಗಲೇ ಟ್ಯಾಕ್ಸಿ ಬಂತು. ಓಹೇರ್ ವಿಮಾನ ನಿಲ್ದಾಣಕ್ಕೆ ಹೊರಟೆವು.

ಫ್ರಿಜ್‌ನಲ್ಲಿ ನಾಲ್ಕು ದಿನಕ್ಕಾಗುವಷ್ಟು ಸಾರಿದೆ, ಪಿಜ್ಜಾ ತರಿಸಬೇಡಿ. ಅಮ್ಮಿಗೆ ನೋವಿನ ಮಾತ್ರೆ ಊಟದ ನಂತರವೇ. ಮೆಟ್ಟಿಲ ಮೇಲಿನ ಹಿಮ ಕರಗಲು ಉಪ್ಪು ಎರಚಿ. ಅವರು ಮತ್ತೆ ಜಾರಿ ಬೀಳಬಾರದು.

ಸ್ಪೇನಿನ ಆ ಹಳೆಯ ಬೆಟ್ಟದೂರನ್ನು ಚಳಿಗಾಲದಲ್ಲೇ ನೋಡಬೇಕು ಎಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದವರು ನೀವು. ಈಗ "ಅಮ್ಮಿನ ಬಿಟ್ಟು ಬರಕ್ಕಾಗಲ್ಲ, ನೀವಿಬ್ರೂ ಹೋಗ್ಬನ್ನಿ" ಅಂತೀರಿ. ಭಾನುವಾರ ಬೆಳಿಗ್ಗೆ ಆ ಊರಿನ ಬಸ್ಸಿನಲ್ಲಿ ನಾನು, ಹುದಾ ಇಬ್ಬರೇ ಇರುತ್ತೇವೆ. "ಇಟ್ಸ್ ನಾಟ್ ದ ಸೇಮ್ ವಿದೌಟ್ ಅಬ್ಬಾ" ಎಂದಳು ನಿನ್ನೆ ಮಗಳು. ಅವಳಿಗೆ ಬೈದೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನಿಮ್ಮ ನೀಲಿ ಜಾಕೆಟ್ ಹುಡುಕಬೇಡಿ. ಅದನ್ನು ನಾನೇ ಹಾಕಿಕೊಂಡು ಹೋಗುತ್ತಿದ್ದೇನೆ.

ಷಹನಾಜ್