ಅಕ್ಕ ನನ್ನನ್ನು "ನೀವು" ಅಂದಳು

ಮಂಗಳವಾರ, ಹನ್ನೆರಡನೇ ತಾರೀಖು.

ಅಕ್ಕ ಇವತ್ತು ನನ್ನನ್ನು "ನೀವು" ಅಂದಳು. ಕಿವಿಯಿಂದ ಹೋಗುತ್ತಲೇ ಇಲ್ಲ.

ಶಾಲೆ ಬಿಟ್ಟ ಹುಡುಗಿಯರ ಬಗ್ಗೆ ಸಮಾಜಕಾರ್ಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಸಂದರ್ಶನಕ್ಕೆ ಬರಬೇಕಾದವಳು ಕೈಕೊಟ್ಟಳಂತೆ, ನನ್ನನ್ನು ಕೂರಿಸಿದಳು. "ಎಲ್ಲರನ್ನೂ ಒಂದೇ ಥರ ಮಾತಾಡಿಸಬೇಕು, ನಗಬೇಡ ಕಣೇ" ಅಂದು ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದಳು.

"ನೀವು ಶಾಲೆ ಯಾಕೆ ಬಿಟ್ಟಿರಿ?"

ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಓದು ತಲೆಗೆ ಹತ್ತಲಿಲ್ಲ ಅಂತ ಊರಿಗೆಲ್ಲ ಹೇಳುವುದನ್ನೇ ಹೇಳಬಹುದಿತ್ತು. ಆದರೆ ಎದುರು ಕೂತು ಕೇಳಿದವರಿಗೆ ಸುಳ್ಳು ಹೇಳಿದರೆ ನನಗೆ ಅನ್ನ ಇಳಿಯುವುದಿಲ್ಲ.

"ಅಮ್ಮ ಹಾಸಿಗೆ ಹಿಡಿದ್ಲು. ನೋಡ್ಕೊಳ್ಳೋಕೆ ಒಬ್ಬರು ಬೇಕಿತ್ತು. ಅಕ್ಕಂಗೆ ಪರೀಕ್ಷೆ ಇತ್ತು."

"ಯಾರೂ ನಿಮ್ಮನ್ನ ತಡೀಲಿಲ್ವಾ?"

"ಇಲ್ಲ. ಅಕ್ಕನೂ ತಡೀಲಿಲ್ಲ."

ಅವಳ ಕಣ್ಣು ಕೆಂಪಾಯಿತು. ಈಗ ನಿಲ್ಲಿಸುತ್ತಾಳೆ ಅಂದುಕೊಂಡೆ. ಮುಂದಿನ ಪ್ರಶ್ನೆ ಕೇಳಿದಳು.

"ನಿಮ್ಮ ಮನೇಲಿ ಎಲ್ಲರಿಗಿಂತ ಹೆಚ್ಚು ಓದಿದವರು ಯಾರು?"

ಬೆರಳು ಮಾಡಿ ಅವಳನ್ನೇ ತೋರಿಸಿದೆ.

"ದಯವಿಟ್ಟು ಬಾಯಲ್ಲಿ ಹೇಳಿ."

"ಅಕ್ಕ," ಅಂದೆ.

"ಧನ್ಯವಾದ" ಅಂತ ಮೊಬೈಲು ಎತ್ತಿಕೊಂಡು ಕೋಣೆಗೆ ಹೋದಳು. ಆಮೇಲೆ ನನ್ನನ್ನು ಊಟಕ್ಕೂ ಅಪ್ಪನ ಕೈಲಿ ಕರೆಸಿದಳು.

ಅಮ್ಮ ತೀರಿಕೊಳ್ಳುವ ತನಕ ನೋಡಿಕೊಂಡದ್ದಕ್ಕೆ ನನಗೆ ಬೇಜಾರಿಲ್ಲ. ಅಕ್ಕ "ಬಾಯಿ ಜಾಸ್ತಿ ಆಯ್ತು ನಿಂಗೆ, ಕತ್ತೆ" ಅಂತ ಬೈದಿದ್ದರೂ ಸಾಕಿತ್ತು.

ಗೋಡೆಯಾಚೆಯಿಂದ ನನ್ನದೇ ದನಿ ಕೇಳುತ್ತಿದೆ. ಅದೊಂದೇ ಮಾತನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದಾಳೆ. ಅಕ್ಕನೂ ತಡೀಲಿಲ್ಲ. ಅಕ್ಕನೂ ತಡೀಲಿಲ್ಲ.

ಹೋಗಿ ಬಾಗಿಲು ತಟ್ಟಬೇಕು ಅನ್ನಿಸುತ್ತಿದೆ. ತಟ್ಟಿದಾಗ ಒಳಗಿನಿಂದ "ಬನ್ನಿ" ಅಂದುಬಿಟ್ಟರೆ?