ಬಾನೆಟ್ಟಿನ ಕೆಳಗಿನ ಸೀಮೆಸುಣ್ಣ

ಲೈಮಾ, ಒಹಾಯೊ
ಅಕ್ಟೋಬರ್ 9

ಮಾನ್ಯ ಡೀಟ್ಜ್ ಅವರಿಗೆ,

ನಮ್ಮ 1969ರ ಹಳೇ ಕಾರಿಗೆ ಬೆಲೆ ಕಟ್ಟಲು ಬಂದಿದ್ದ ನೀವು ಬಾನೆಟ್ ಎತ್ತಿ, "ಕಾರ್ಖಾನೆಯವರು ಸೀಮೆಸುಣ್ಣದಲ್ಲಿ ಹಾಕಿದ ಗುರುತನ್ನೇ ಒರೆಸಿಬಿಟ್ಟಿದ್ದಾರಲ್ಲ ಮೇಡಂ, ಕಾರು ಅಸಲಿ ಅನ್ನೋದಕ್ಕೆ ಅದೇ ಸಾಕ್ಷಿ, ಅದಿದ್ದಿದ್ರೆ ಬೆಲೆಯೇ ಬೇರೆ. ಯಾವ ಪುಣ್ಯಾತ್ಮನ ಕೆಲಸ ಇದು?" ಎಂದಿರಿ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ.

ನಲವತ್ತು ವರ್ಷ ನನ್ನ ಗಂಡ ವೆರ್ನ್ ಆ ಗುರುತನ್ನು ಮುಟ್ಟಲು ಯಾರನ್ನೂ ಬಿಟ್ಟವರಲ್ಲ. ಮರೆವು ಹೆಚ್ಚಾದ ಮೇಲೆ, ಕಳೆದ ಚಳಿಗಾಲದಲ್ಲಿ, "ಯಾರೋ ಇಲ್ಲೆಲ್ಲ ಗೀಚಿಬಿಟ್ಟಿದ್ದಾರೆ ಕಣೇ, ಒದ್ದೆ ಬಟ್ಟೆ ತಗೊಂಡ್ಬಾ" ಎಂದರು. ತಂದುಕೊಟ್ಟೆ. ಅವರೇ ಒರೆಸಿದರು.

ಬೆಲೆ ಎಷ್ಟು ಇಳಿಸಬೇಕೋ ಇಳಿಸಿ. ಆದರೆ ನಿಮ್ಮ ವರದಿಯನ್ನು ಮಗ ಡೇಲ್ ಓದುತ್ತಾನೆ. ಗುರುತು ಒರೆಸಿದ್ದು ನಾನು ಎಂದೇ ಬರೆಯಿರಿ. ಅವನು ಬೈದರೆ ಬೈಸಿಕೊಳ್ಳುತ್ತೇನೆ. ಅಪ್ಪ ನಮ್ಮನ್ನೆಲ್ಲ ಮರೆತರೂ ಈ ಕಾರನ್ನು ಮರೆಯಲಿಲ್ಲ ಎಂದು ಅವನು ನಂಬಿಕೊಂಡಿದ್ದಾನೆ.

ತೊಂದರೆ ಕೊಟ್ಟದ್ದಕ್ಕೆ ಬೇಸರಿಸಬೇಡಿ,
ಅರ್ಲೀನ್ ಹಾಫ್‌ಮನ್